ತೊಳೆದಿಟ್ಟ ಡಬ್ಬಿ

"ಬುದ್ಧಿ, ಒಳ್ಳೆಯದೆಂದು ತಾವೇ ಒಪ್ಪಿಕೊಂಡು ಶುರುಮಾಡಿದ ಕೆಲಸವನ್ನು ಜನ ಯಾಕೆ ನಡುವೆ ಕೈಬಿಡುತ್ತಾರೆ?"

ಶಿಷ್ಯ ಗುರುಶಾಂತ ಹೀಗೆ ಕೇಳಿದಾಗ ಮಠದಲ್ಲಿ ಮಧ್ಯಾಹ್ನದ ಪಂಕ್ತಿ ಎದ್ದಿತ್ತು. ಗುರುಗಳು ಜಗಲಿಯಲ್ಲಿ ಕುಳಿತು ಮಜ್ಜಿಗೆ ಕುಡಿಯುತ್ತಿದ್ದರು. ಪ್ರಶ್ನೆಯೇನೋ ದೊಡ್ಡ ವೇದಾಂತದ ಹಾಗಿತ್ತು. ಒಳಗಿದ್ದದ್ದು ಮಾತ್ರ ಚಟ್ನಿಪುಡಿಯ ಸಂಗತಿ. ಗುರುಗಳಿಗೆ ಅದು ಗೊತ್ತಿತ್ತು. ಅವರಿಗೆ ಗೊತ್ತಿದೆ ಎಂಬುದು ಗುರುಶಾಂತನಿಗೂ ಗೊತ್ತಿತ್ತು. ಆದರೂ ನೇರವಾಗಿ ಚಟ್ನಿಪುಡಿ ಎಂದು ಬಾಯಿಬಿಡಲು ಅವನಿಗೆ ಸಂಕೋಚ.

ಗುರುಶಾಂತ ಮಠದ ಉಗ್ರಾಣವನ್ನೂ ಅಡುಗೆಮನೆಯನ್ನೂ ನೋಡಿಕೊಳ್ಳುವವನು. ಬಹಳ ಅಚ್ಚುಕಟ್ಟಿನ ಮನುಷ್ಯ. ಅವನು ಒಟ್ಟಿದ ಸೌದೆಯಲ್ಲಿ ಒಂದು ಕಟ್ಟಿಗೆಯೂ ಹೊರಗೆ ಮೂತಿ ಚಾಚುತ್ತಿರಲಿಲ್ಲ. ಇಂಥವನ ಕಣ್ಣಿಗೆ ಅಡುಗೆಮನೆಯ ಹಿಂದಿದ್ದ ಕಸದ ಗುಡ್ಡೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಸಾರಿನ ಪುಡಿಯ ಪೊಟ್ಟಣ, ಉಪ್ಪಿನಕಾಯಿಯ ಪ್ಯಾಕೆಟ್ಟು, ಭಕ್ತರು ಪಾಪ ಭಕ್ತಿಯಿಂದಲೇ ತಂದುಕೊಟ್ಟ ಬಿಸ್ಕತ್ತು, ಚಿಪ್ಸುಗಳ ಕವರು. ಹೂಳಿದರೆ ಕರಗದು, ಸುಟ್ಟರೆ ಊರೆಲ್ಲ ನಾತ. ಒಂದು ಬೆಳಿಗ್ಗೆ ಅವನು ಪೂಜೆಗೆ ಬಿಲ್ವಪತ್ರೆ ಕೊಯ್ಯುತ್ತಿದ್ದಾಗ, ಕೊಂಬೆಗೆ ಸಿಕ್ಕಿಕೊಂಡಿದ್ದ ಚಿಪ್ಸಿನ ಕವರೊಂದು ಪತ್ರೆಯ ಜೊತೆಗೇ ಬುಟ್ಟಿಗೆ ಇಳಿದು ಬಂತು. ಅವನು ನೋಡದೆ ಹೋಗಿದ್ದರೆ ಅದು ಅಂದು ದೇವರ ತಲೆ ಏರುತ್ತಿತ್ತು. ಆ ಗಳಿಗೆಯಲ್ಲೇ ಅವನು ನಿಶ್ಚಯ ಮಾಡಿದ.

ಅಮಾವಾಸ್ಯೆಯ ದಿನ ಸುತ್ತಲ ಹಳ್ಳಿಗಳವರೆಲ್ಲ ಮಠಕ್ಕೆ ಬರುವ ರೂಢಿ. ಬರುವಾಗ ದಾಸೋಹಕ್ಕೆಂದು ಏನನ್ನಾದರೂ ತರುವುದೂ ರೂಢಿ. ಅಂದು ಗುರುಶಾಂತ ಪಂಕ್ತಿಯ ನಡುವೆ ನಿಂತು ಕೈಮುಗಿದು ಹೇಳಿದ: "ತಾಯಂದಿರೇ, ಇನ್ನುಮುಂದೆ ಮಠಕ್ಕೆ ಪ್ಯಾಕೆಟ್ಟು ಬೇಡ. ತರುವುದನ್ನು ಮನೆಯಲ್ಲೇ ಮಾಡಿ ತನ್ನಿ. ನಿಮ್ಮ ಡಬ್ಬಿಯಲ್ಲೇ ತನ್ನಿ. ನಾವು ನಮ್ಮ ಭರಣಿಗೆ ಸುರಿದುಕೊಳ್ಳುತ್ತೇವೆ. ನಿಮ್ಮ ಡಬ್ಬಿ ಮುಂದಿನ ಅಮಾವಾಸ್ಯೆಗೆ ನಿಮ್ಮ ಕೈಗೆ." ತಾನೂ ಸುಮ್ಮನೆ ಕೂರಲಿಲ್ಲ. ಪಾತ್ರೆ ತೊಳೆಯುವ ಪುಡಿಗೆ, ಬೇಳೆಗೆ, ಬೆಲ್ಲಕ್ಕೆ ಅಂಗಡಿಗೇ ಡಬ್ಬ ಹೊತ್ತುಕೊಂಡು ಹೋಗಿ ತುಂಬಿಸಿಕೊಂಡು ಬಂದ. ಅಂಗಡಿಯವರು ನಕ್ಕರು. ಅವನು ಅವರನ್ನು ನಗಲು ಬಿಟ್ಟ, ತುಂಬಿಸಿಕೊಳ್ಳುವುದನ್ನು ಮಾತ್ರ ಬಿಡಲಿಲ್ಲ.

ಮುಂದಿನ ಅಮಾವಾಸ್ಯೆಗೆ ನೋಡಬೇಕಿತ್ತು. ಸಾರಿನ ಪುಡಿ, ಮೆಂತ್ಯದ ಹಿಟ್ಟು, ಹುಣಸೆ ತೊಕ್ಕು, ಹಪ್ಪಳ, ಅರಳು ಸಂಡಿಗೆ. ಒಬ್ಬಳ ನಿಪ್ಪಟ್ಟು ನೋಡಿ ಇನ್ನೊಬ್ಬಳು ಕೋಡುಬಳೆ ತಂದಳು. ಕೆರೆಯಾಚೆಯ ಹಳ್ಳಿಯ ಹೊನ್ನಗಂಗಮ್ಮ ಎಂಬ ವಯಸ್ಸಾದ ಹೆಂಗಸು ತನ್ನ ಹೆಸರು ಕೆತ್ತಿಸಿದ ಸ್ಟೀಲಿನ ಡಬ್ಬಿಯ ತುಂಬ ಹುರುಳಿಕಾಳಿನ ಚಟ್ನಿಪುಡಿ ತಂದಳು.

"ಎರಡು ಥರದ ಮೆಣಸಿನಕಾಯಿ ಹಾಕಿದೀನಿ ಸ್ವಾಮಿ," ಎಂದಳು ಗುರುಶಾಂತನಿಗೆ. "ಒಂದು ಬಣ್ಣಕ್ಕೆ. ಇನ್ನೊಂದು ನಿಮ್ಮ ಹಿರಿಯರು ಮಾತು ಕಡಿಮೆ ಮಾಡಲಿ ಅಂತ."

ಹಿರಿಯರು ಎಂದರೆ ಮಠದ ವ್ಯವಹಾರ ನೋಡುವ ಶಿವನಂಜಪ್ಪನವರು. ಅವರು ಅಂದು ಎರಡು ಸಲ ಚಟ್ನಿಪುಡಿ ಹಾಕಿಸಿಕೊಂಡರು. ನಿಜಕ್ಕೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕಸದ ಗುಡ್ಡೆ ಇಳಿಯಿತು. ಬಿಲ್ವದ ಮರದಲ್ಲಿ ಬಿಲ್ವವಷ್ಟೇ ಉಳಿಯಿತು. ಆಮೇಲಿನ ಅಮಾವಾಸ್ಯೆಗೆ ಡಬ್ಬಿಗಳು ಸ್ವಲ್ಪ ಕಡಿಮೆಯಾದವು. ಅದರ ಮುಂದಿನದಕ್ಕೆ ಇನ್ನೂ ಕಡಿಮೆ. ಕಳೆದ ಅಮಾವಾಸ್ಯೆಗೆ ಜನರ ಕೈಯಲ್ಲಿ ಮತ್ತೆ ಪ್ಯಾಕೆಟ್ಟುಗಳೇ ಕಂಡವು. ಬೈದರೆ ಬರುವುದನ್ನೇ ಬಿಟ್ಟಾರೆಂದು ಗುರುಶಾಂತ ನುಂಗಿಕೊಂಡ. ಅಲ್ಲಿಯವರೆಗೆ ಪ್ರತಿ ಸಲವೂ ಡಬ್ಬಿ ತುಂಬಿ ತಂದಿದ್ದ ಹೊನ್ನಗಂಗಮ್ಮ ಬರಲೇ ಇಲ್ಲ. ಅವಳ ಡಬ್ಬಿ ಉಗ್ರಾಣದ ಗೂಡಿನಲ್ಲಿ ಹಾಗೇ ಕಾಯುತ್ತ ಕುಳಿತಿತ್ತು.

ಶಿವನಂಜಪ್ಪನವರು ಅಂದೇ ಕರೆದು ಹೇಳಿದ್ದರು. "ಗುರುಶಾಂತಪ್ಪ, ನಿನ್ನ ಆಸೆ ದೊಡ್ಡದು, ಒಪ್ಪಿದೆ. ಆದರೆ ಎಲೆಯ ಮುಂದೆ ಕೂತವರಿಗೆ ಆಸೆ ಬಡಿಸೋಕಾಗಲ್ಲ. ಬರೋ ಅಮಾವಾಸ್ಯೆಗೂ ಡಬ್ಬಿ ಬರದೆ ಹೋದರೆ ನಾನು ಪೇಟೆಗೆ ಹೇಳಿಬಿಡ್ತೀನಿ. ಪುಡಿ, ಉಪ್ಪಿನಕಾಯಿ ಎಲ್ಲ ಪ್ಯಾಕೆಟ್ಟಿನಲ್ಲೇ ಬಂದು ಬೀಳುತ್ತೆ. ಆಮೇಲೆ ನೀನು ನನ್ನ ಮೇಲೆ ಮುನಿಸಿಕೊಳ್ಳೋ ಹಾಗಿಲ್ಲ."

ಅಂದಿನಿಂದ ಗುರುಶಾಂತನಿಗೆ ತುತ್ತು ಇಳಿಯದು. ಒಮ್ಮೆ ಪೇಟೆಯ ಕಡೆಗೆ ಬಾಗಿಲು ತೆರೆದರೆ ಮತ್ತೆ ಮುಚ್ಚುವುದು ಹೇಗೆ? ಅವನು ಇಷ್ಟು ದಿನ ಹೊತ್ತದ್ದು, ಬೇಡಿದ್ದು ಎಲ್ಲ ಆ ಗುಡ್ಡೆಯ ಅಡಿಗೇ ಹೋಗುತ್ತದೆ. ಆದ್ದರಿಂದಲೇ ಈ ವೇದಾಂತದ ಪ್ರಶ್ನೆ.

ಗುರುಗಳು ಲೋಟ ಕೆಳಗಿಟ್ಟರು. "ಡಬ್ಬಿಗಳ ವಿಷಯ ತಾನೆ?"

"ಹೌದು ಬುದ್ಧಿ. ನಾನು ಎಲ್ಲಿ ತಪ್ಪಿದೆ ಎಂದೇ ತಿಳಿಯುತ್ತಿಲ್ಲ. ಒಂದೇ ಒಂದು ಡಬ್ಬಿ ಕಳೆದಿಲ್ಲ. ಒಬ್ಬರ ಮುಚ್ಚಳ ಇನ್ನೊಬ್ಬರಿಗೆ ಹೋಗಿಲ್ಲ. ಬೂದಿ ಹಾಕಿ, ಮೇಲೆ ಸೀಗೆ ಹಾಕಿ ನಾನೇ ಉಜ್ಜುತ್ತೇನೆ. ಒಳಗೆ ಮುಖ ಕಾಣಬೇಕು, ಹಾಗೆ. ಅಮಾವಾಸ್ಯೆಯ ಬೆಳಿಗ್ಗೆ ಹೆಬ್ಬಾಗಿಲ ಕಟ್ಟೆಯ ಮೇಲೆ ಹೆಸರು ಕಾಣುವಂತೆ ಸಾಲಾಗಿ ಇಟ್ಟಿರುತ್ತೇನೆ. ಯಾರೂ ನನ್ನನ್ನು ಕೇಳಬೇಕಾಗಿಲ್ಲ, ಕಾಯಬೇಕಾಗಿಲ್ಲ. ತಮ್ಮದನ್ನು ತಾವು ಎತ್ತಿಕೊಂಡು ಹೋಗುತ್ತಿರಬಹುದು."

"ಯಾರೂ ನಿನ್ನನ್ನು ಕೇಳಬೇಕಾಗಿಲ್ಲ," ಎಂದರು ಗುರುಗಳು.

"ಇಲ್ಲ ಬುದ್ಧಿ." ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು.

"ಆ ಹೊನ್ನಗಂಗಮ್ಮನ ಡಬ್ಬಿ ತಾ, ನೋಡೋಣ."

ಗುರುಶಾಂತ ತಂದುಕೊಟ್ಟ. ಗುರುಗಳು ಅದನ್ನು ತೆರೆಯಲಿಲ್ಲ. ಮಡಿಲಲ್ಲಿ ಇಟ್ಟುಕೊಂಡು, ಕೆತ್ತಿದ ಹೆಸರಿನ ಮೇಲೆ ಬೆರಳಾಡಿಸಿದರು. ಆಮೇಲೆ, "ಕೂತುಕೋ. ಒಬ್ಬ ಎಣ್ಣೆ ವರ್ತಕನ ಕತೆ ಇದೆ," ಎಂದರು.

ಗುರುಶಾಂತನಿಗೆ ಎಣ್ಣೆಯ ಕತೆ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಡಬ್ಬಿಗೆ ದಾರಿ. ಆದರೂ ಕುಳಿತ.

ಒಂದು ಊರಿನಲ್ಲಿ ಒಬ್ಬ ಎಣ್ಣೆ ವರ್ತಕನಿದ್ದ. ಕಲಬೆರಕೆ ಗೊತ್ತಿಲ್ಲದವನು. ಊರವರು ಮನೆಯಿಂದ ತಂಬಿಗೆಯನ್ನೋ ಗಿಂಡಿಯನ್ನೋ ತಂದು ಅವನಲ್ಲಿ ಎಣ್ಣೆ ಹಾಕಿಸಿಕೊಂಡು ಹೋಗುತ್ತಿದ್ದರು. ಅವನ ಹತ್ತಿರ ಉದ್ದ ಹಿಡಿಯ ಒಂದು ಪಾವು ಇತ್ತು. ಪೀಪಾಯಿಯೊಳಗೆ ಅದನ್ನು ಇಳಿಸಿ, ಎತ್ತಿ, ತಂದವರ ತಂಬಿಗೆಗೆ ಅಳೆದು ಸುರಿಯುತ್ತಿದ್ದ. ಸುರಿದಾದ ಮೇಲೆ ಎದುರಿಗೆ ನಿಂತವರ ಮುಖ ನೋಡುತ್ತಿದ್ದ. ನೋಡಿ, ಪಾವನ್ನು ಇನ್ನೊಂದಿಷ್ಟು ಅದ್ದಿ ಎರಡು ಹನಿ ಹೆಚ್ಚಿಗೆ ಬಿಡುತ್ತಿದ್ದ. "ಇದು ನಿಮ್ಮ ಮನೆಯ ದೀಪಕ್ಕೆ" ಎನ್ನುತ್ತಿದ್ದ. ಅಳತೆ ಮುಗಿದ ಮೇಲೆ ಕೊಡುವ ಆ ಎರಡು ಹನಿಯೇ ಕೊಸರು.

ಎಣ್ಣೆ ನೀರಿನ ಹಾಗಲ್ಲ. ಅದರ ಕೊನೆಯ ಹನಿ ಬಹಳ ಯೋಚನೆ ಮಾಡಿ ಬೀಳುತ್ತದೆ. ಅದು ಬೀಳುವವರೆಗೆ ಇಬ್ಬರೂ ತಂಬಿಗೆಯ ಬಾಯಿ ನೋಡುತ್ತ ನಿಲ್ಲಬೇಕು. ಸುಮ್ಮನೆ ಹೇಗೆ ನಿಲ್ಲುವುದು? ಮಗಳ ಹೆರಿಗೆ ಆಯಿತೇ ಎಂದು ಅವನು ಕೇಳುತ್ತಿದ್ದ. ನಿನ್ನ ಮಂಡಿನೋವು ಹೇಗಿದೆ ಎಂದು ಅವರು ಕೇಳುತ್ತಿದ್ದರು. ಹನಿ ಬೀಳುತ್ತಿತ್ತು. ಅವರು ಹೋಗುತ್ತಿದ್ದರು.

ಒಂದು ದಿನ ಒಬ್ಬಾಕೆ ಗೊಣಗಿದಳು: "ಅವಳಿಗೆ ಮೂರು ಹನಿ ಬಿಟ್ಟೆ, ನನಗೆ ಎರಡೇ."

ಮಾತು ತಮಾಷೆಯದು. ಹೇಳಿದವಳು ಅಂಗಡಿಯ ಮೆಟ್ಟಿಲು ಇಳಿಯುವಷ್ಟರಲ್ಲಿ ಮರೆತಳು. ವರ್ತಕನಿಗೆ ಮಾತ್ರ ಅದು ಚುಚ್ಚಿತು. ಅವನು ನ್ಯಾಯಸ್ಥ ನೋಡು. ನ್ಯಾಯಸ್ಥರಿಗೆ ಇಂಥದ್ದು ಬೇಗ ಚುಚ್ಚುತ್ತದೆ. ತನ್ನ ಅಂಗಡಿಯಲ್ಲಿ ಒಂದು ಹನಿಯ ಅನ್ಯಾಯವೂ ಆಗಬಾರದು ಎಂದುಕೊಂಡ. ತಗಡಿನ ಕೆಲಸದವನನ್ನು ಕರೆಸಿ, ನಲ್ಲಿ ಇರುವ ಒಂದು ಡಬ್ಬ ಮಾಡಿಸಿದ. ಅದರ ಕೆಳಗೆ ಗೆರೆ ಕೊರೆದ ಒಂದು ಅಳತೆಪಾತ್ರೆ. ಗಿರಾಕಿಗಳೇ ನಲ್ಲಿ ತಿರುಗಿಸಬೇಕು, ಗೆರೆಯವರೆಗೆ ತುಂಬಿಕೊಳ್ಳಬೇಕು, ಹೋಗಬೇಕು. ಕೊಸರು ನಿಂತಿತು ಎಂದು ಯಾರಿಗೂ ನಷ್ಟವಾಗಬಾರದಲ್ಲ. ಅದಕ್ಕೆಂದು ಗೆರೆಯನ್ನೇ ಮೇಲಕ್ಕೆ ಕೊರೆಸಿದ. ಈಗ ಎಲ್ಲರಿಗೂ ಕೊಸರಿಗಿಂತ ಹೆಚ್ಚೇ ಸಿಗುತ್ತಿತ್ತು. ಎಲ್ಲರಿಗೂ ಒಂದೇ ಸಮ. ಉದ್ದ ಹಿಡಿಯ ಪಾವನ್ನು ಅಟ್ಟಕ್ಕೆ ಹಾಕಿದ. ಗೋಡೆಗೆ ಒರಗಿ ನಿಶ್ಚಿಂತೆಯಿಂದ ಕುಳಿತ.

"ಸರಿಯಾಗಿಯೇ ಮಾಡಿದ," ಎಂದ ಗುರುಶಾಂತ. ಅವನಿಗೆ ಈಗ ಆ ವರ್ತಕನ ಮೇಲೆ ಅಭಿಮಾನ ಬಂದಿತ್ತು.

"ನೀನು ಹಾಗನ್ನುತ್ತೀಯ ಎಂದು ಗೊತ್ತಿತ್ತು," ಎಂದು ಗುರುಗಳು ನಕ್ಕು ಮುಂದುವರಿಸಿದರು.

ಆ ಹೊತ್ತಿಗೆ ಪೇಟೆಯಿಂದ ಪ್ಯಾಕೆಟ್ಟಿನ ಎಣ್ಣೆ ಬಂತು. ಮೊದಮೊದಲು ಯಾರೂ ಅದರ ಕಡೆ ತಿರುಗಲಿಲ್ಲ. ಆಮೇಲೆ ಒಬ್ಬರು ತಂದರು. ಆಮೇಲೆ ಪಕ್ಕದ ಮನೆಯವರು. ಹಿತ್ತಲುಗಳಲ್ಲಿ ಜಿಡ್ಡು ಹಿಡಿದ ಪ್ಯಾಕೆಟ್ಟುಗಳು ಬಿದ್ದವು. ಗಾಳಿ ಬೀಸಿದರೆ ಅವು ವರ್ತಕನ ಅಂಗಡಿಯ ಮುಂದೆಯೇ ಹಾರಿಹೋದವು. ಅವನ ನಲ್ಲಿ ಒಣಗಿತು. ಎಣ್ಣೆ ಅದೇ, ಅಳತೆ ಮೊದಲಿಗಿಂತ ಹೆಚ್ಚು, ಆದರೂ ತಂಬಿಗೆಗಳು ಬರಲಿಲ್ಲ. ಅಂಗಡಿ ಮುಚ್ಚುವುದೊಂದೇ ಬಾಕಿ ಎನ್ನುವ ಹಾಗಾಯಿತು.

ಒಂದು ದಿನ ಹಳೆಯ ಗಿರಾಕಿ ಮುದುಕಿಯೊಬ್ಬಳು ಪ್ಯಾಕೆಟ್ಟು ಹಿಡಿದು ಅದೇ ಬೀದಿಯಲ್ಲಿ ಹೋಗುತ್ತಿದ್ದಳು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಆದರೂ ಅವನಿಗೆ ಕಂಡಿತು.

"ಏನಜ್ಜಿ, ತಂಬಿಗೆ ತೂತು ಬಿತ್ತೇ?" ಎಂದ.

"ತಂಬಿಗೆ ನನಗಿಂತ ಗಟ್ಟಿಯಾಗಿದೆ," ಎಂದಳು ಮುದುಕಿ.

"ಹಾಗಾದರೆ ನನ್ನ ಎಣ್ಣೆ ಕೆಟ್ಟಿದೆಯೇ?"

"ಸುಳ್ಳು ಹೇಳಬಾರದು. ನಿನ್ನ ಎಣ್ಣೆಯ ಘಮವೇ ಬೇರೆ."

"ಅಳತೆ ಕಡಿಮೆಯಾಯಿತೇ?"

"ಹೆಚ್ಚಾಗಿದೆ. ಅದೂ ಗೊತ್ತು."

"ಮತ್ತೆ ಯಾಕಜ್ಜಿ?"

ಮುದುಕಿ ಮೆಟ್ಟಿಲ ಮೇಲೆ ಕುಳಿತಳು. "ನೋಡಪ್ಪ, ತಂಬಿಗೆ ಹೊತ್ತು ಬರುವುದು ಸುಲಭವಲ್ಲ. ಬರುವಾಗ ಹಗುರ, ಹೋಗುವಾಗ ಭಾರ. ಸೀರೆಗೆ ಜಿಡ್ಡು. ಮೊದಲೂ ಇಷ್ಟೇ ಕಷ್ಟ ಇತ್ತು. ಆದರೆ ಮೊದಲು ನೀನು ಸುರಿದು ಮುಗಿಸಿ ನನ್ನ ಮುಖ ನೋಡುತ್ತಿದ್ದೆ. ನೋಡಿ ಎರಡು ಹನಿ ಬಿಡುತ್ತಿದ್ದೆ. ಆ ಎರಡು ಹನಿ ಸಾಲದು, ಅದರಲ್ಲಿ ಒಂದು ಒಗ್ಗರಣೆಯೂ ಆಗುವುದಿಲ್ಲ. ಆದರೂ ಮನೆಗೆ ಹೋಗುವಾಗ ತಂಬಿಗೆ ಭಾರ ಅನ್ನಿಸುತ್ತಿರಲಿಲ್ಲ. ಈಗ ನಿನ್ನ ನಲ್ಲಿ ನನ್ನ ಮುಖ ನೋಡುವುದಿಲ್ಲ. ಪ್ಯಾಕೆಟ್ಟೂ ನೋಡುವುದಿಲ್ಲ. ಎರಡೂ ಒಂದೇ ಆದ ಮೇಲೆ ತೊಳೆಯುವ ಕೆಲಸವಿಲ್ಲದ್ದೇ ವಾಸಿ ಅಲ್ಲವೇ?"

ವರ್ತಕ ಸ್ವಲ್ಪ ಹೊತ್ತು ನಲ್ಲಿಯನ್ನು ನೋಡಿದ. ಆಮೇಲೆ ಏಣಿ ಹಾಕಿ ಅಟ್ಟ ಹತ್ತಿದ. ಮಂಡಿನೋವಿನ ಮನುಷ್ಯ, ಮೂರು ಕಡೆ ತಡೆದು ಹತ್ತಿದ. ಉದ್ದ ಹಿಡಿಯ ಪಾವನ್ನು ಇಳಿಸಿ, ಧೂಳು ಒರೆಸಿದ.

ಮುದುಕಿ ಮನೆಗೆ ಹೋಗಿ ತಂಬಿಗೆ ತಂದಳು. "ನೋಡೋಣ, ಕೈ ಮರೆತಿಲ್ಲ ತಾನೆ," ಎಂದಳು.

ಅವನು ಅಳೆದು ಸುರಿದ. ಸುರಿದು ಅವಳ ಮುಖ ನೋಡಿದ. ಪಾವನ್ನು ಮತ್ತೆ ಅದ್ದಿ ತಂಬಿಗೆಯ ಮೇಲೆ ಹಿಡಿದ. ಮೊದಲ ಹನಿ ಬಿತ್ತು. ಎರಡನೆಯದು ತುದಿಯಲ್ಲೇ ತೂಗುತ್ತ ನಿಂತಿತು. ಮೊಮ್ಮಗಳಿಗೆ ಎಷ್ಟು ಹಲ್ಲು ಬಂದವು ಎಂದು ಅವನು ಕೇಳಿದ. ಈ ಮಂಡಿ ಇಟ್ಟುಕೊಂಡು ಅಟ್ಟ ಹತ್ತುತ್ತಾರೆಯೇ ಎಂದು ಅವಳು ಬೈದಳು. ಹನಿ ಬಿತ್ತು. ಬಿದ್ದ ಮೇಲೂ ಮುದುಕಿ ಬೇಗ ಹೋಗಲಿಲ್ಲ.

ಅವಳು ಯಾರು ಯಾರಿಗೆ ಏನೇನು ಹೇಳಿದಳೋ. ಕೆಲವು ದಿನದಲ್ಲಿ ಅಂಗಡಿಯ ಮೆಟ್ಟಿಲ ಮೇಲೆ ತಂಬಿಗೆಗಳ ಸಾಲು ಮತ್ತೆ ಕಂಡಿತು. ಹನಿಯ ಲೆಕ್ಕದಲ್ಲಿ ಜಗಳವೂ ಮತ್ತೆ ಶುರುವಾಯಿತು. ವರ್ತಕ ಆ ಜಗಳವನ್ನು ಖುಷಿಯಿಂದ ಕೇಳಿಸಿಕೊಂಡ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಗುರುಶಾಂತ ಕತೆಯನ್ನು ಮನಸ್ಸಿನಲ್ಲೇ ತಿರುವಿಹಾಕಿದ. ಕತೆ ಚೆನ್ನಾಗಿತ್ತು. ಆದರೆ ಅದರಲ್ಲಿ ತನಗೆ ದಾರಿ ಎಲ್ಲಿದೆ ಎಂದು ಕಾಣಲಿಲ್ಲ.

"ಬುದ್ಧಿ, ಅವನು ಮಾರುವವನು. ಕೊಸರು ಕೊಡಬಹುದು. ಇಲ್ಲಿ ಕೊಡುವವರು ಭಕ್ತರು, ತೆಗೆದುಕೊಳ್ಳುವವನು ನಾನು. ತೆಗೆದುಕೊಳ್ಳುವವನ ಹತ್ತಿರ ಕೊಸರು ಎಲ್ಲಿಂದ ಬರಬೇಕು? ನನ್ನ ಕೈಯಲ್ಲಿ ಇರುವುದು ಅವರ ಡಬ್ಬಿಯೊಂದೇ. ಅದನ್ನು ನಾನು ಎಂದೂ ಹೇಗೆ ಹೇಗೋ ಕೊಟ್ಟವನಲ್ಲ. ಬೇಕಾದರೆ ತೆರೆದು ನೋಡಿ."

ಗುರುಗಳು ಮಡಿಲಲ್ಲಿದ್ದ ಡಬ್ಬಿಯ ಮುಚ್ಚಳ ತೆಗೆದು ಅವನ ಕೈಗೆ ಕೊಟ್ಟರು. ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ಅವನ ಕಡೆ ಚಾಚಿದರು.

"ನೀನೂ ಮೂಸಿ ನೋಡು."

ಗುರುಶಾಂತ ಬಗ್ಗಿ ಮೂಸಿದ. ಹುರುಳಿಯ ವಾಸನೆ ಇಲ್ಲ. ಇಂಗಿನ ವಾಸನೆ ಇಲ್ಲ. ಎರಡು ಥರದ ಮೆಣಸಿನಕಾಯಿಯಲ್ಲಿ ಒಂದರದ್ದೂ ಘಾಟು ಇಲ್ಲ. ಡಬ್ಬಿಯ ತಳ ಥಳಥಳ ಹೊಳೆಯುತ್ತಿತ್ತು. ಅದರಲ್ಲಿ ಅವನಿಗೆ ಅವನದೇ ಮುಖ ಕಂಡಿತು. ಬೇರೆ ಯಾರದೂ ಇರಲಿಲ್ಲ.

ಯಾಕೋ ಅವನಿಗೆ ಅವ್ವ ನೆನಪಾದಳು. ಪಕ್ಕದ ಮನೆಯವರು ಬಟ್ಟಲಲ್ಲಿ ಪಾಯಸ ಕಳಿಸಿದರೆ ಆ ಬಟ್ಟಲು ಅವರ ಮನೆಗೆ ಸುಲಭವಾಗಿ ಹಿಂದಿರುಗುತ್ತಿರಲಿಲ್ಲ. ಅವ್ವ ಅದನ್ನು ತೊಳೆದು ಗೂಡಿನಲ್ಲಿ ಇಟ್ಟು, ಮನೆಯೆಲ್ಲ ಹುಡುಕುತ್ತಿದ್ದಳು. ಒಂದು ತುಂಡು ಬೆಲ್ಲವಾದರೂ ಆಯಿತು. ಬೆಲ್ಲ ಇಲ್ಲವೇ, ಒಂದು ಹಿಡಿ ಹುರಿಗಡಲೆ. ಅದೂ ಇಲ್ಲದ ದಿನ ಹಿತ್ತಲಿಗೆ ಹೋಗಿ ಎರಡು ಎಸಳು ಕರಿಬೇವು ಕಿತ್ತು ತರುತ್ತಿದ್ದಳು. "ಬರೀ ಬಟ್ಟಲು ಹಿಡಿದು ಹೋಗಿ ಅವರ ಬಾಗಿಲಲ್ಲಿ ಹ್ಯಾಗೋ ನಿಲ್ಲೋದು?" ಎನ್ನುತ್ತಿದ್ದಳು. ಕರಿಬೇವು ಹಾಕಿದ ಬಟ್ಟಲನ್ನು ಸೆರಗಿನಿಂದ ಮುಚ್ಚಿ ತಾನೇ ಹೋಗಿ ಕೊಟ್ಟು, ಹೋದವಳು ಒಂದು ಗಳಿಗೆ ಕೂತು ಬರುತ್ತಿದ್ದಳು.

ಮಠದ ಹಿತ್ತಲಲ್ಲಿ ಕರಿಬೇವಿನ ಗಿಡ ಇತ್ತು. ಉಗ್ರಾಣದಲ್ಲಿ ಬೆಲ್ಲ ಇತ್ತು. ಅವನೇ ಹೊತ್ತು ತಂದ ಬೆಲ್ಲ. ಎಲ್ಲದರ ಬೀಗದ ಕೈ ಅವನ ಸೊಂಟದಲ್ಲೇ ಇತ್ತು.

"ಅಮಾವಾಸ್ಯೆ ಇನ್ನೂ ಬಂದಿಲ್ಲ," ಎಂದು ಗುರುಗಳು ಡಬ್ಬಿಯನ್ನು ಅವನ ಕೈಗಿಟ್ಟರು. "ಕೆರೆ ಏರಿ ದಾಟಿದರೆ ಅವಳ ಮನೆ."

ಗುರುಶಾಂತ ಡಬ್ಬಿಯ ತಳವನ್ನೇ ನೋಡುತ್ತಿದ್ದ. "ಬುದ್ಧಿ, ನಾನು ಚೆನ್ನಾಗಿ ತೊಳೆಯಬೇಕು ಅಂತಷ್ಟೇ…" ಎಂದು ಶುರುಮಾಡಿದ.

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

"ಚೆನ್ನಾಗಿಯೇ ತೊಳೆದಿದ್ದೀಯಪ್ಪಾ, ಆ ತಾಯಿ ಕೊಟ್ಟಿದ್ದಳು ಎನ್ನುವುದರ ಗುರುತೂ ಉಳಿಯದ ಹಾಗೆ."

ಗುರುಶಾಂತ ಒಂದು ಕೈಯಲ್ಲಿ ಡಬ್ಬಿ, ಒಂದು ಕೈಯಲ್ಲಿ ಮುಚ್ಚಳ ಹಿಡಿದು ಎದ್ದು, ಹಿತ್ತಲ ಕರಿಬೇವಿನ ಗಿಡದ ಕಡೆ ನಡೆದ.